ಸೇತುವೆ ಹಾಗೇ ಇತ್ತು, ಹಡಗುಗಳು ಬೆಳೆದವು

ಈ ಸೇತುವೆಯ ಹೆಸರು ಹೇಳುವುದಿಲ್ಲ. ಊರು, ಬಂದರು, ಕಚೇರಿ ಯಾವುದರ ಹೆಸರೂ ಇಲ್ಲಿ ಬರುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ಅಳತೆಗಳನ್ನೂ ದುಂಡು ಮಾಡಿದ್ದೇನೆ. ಹಡಗು ಡಿಕ್ಕಿಯಾದರೆ ಈ ಸೇತುವೆಗೆ ಎಷ್ಟು ಅಪಾಯ ಅಂತ ಲೆಕ್ಕ ಹಾಕಿದ ಸಣ್ಣ ತಂಡದಲ್ಲಿ ನಾನೂ ಒಬ್ಬ. ಎಲ್ಲಿ ಸರಿಯಾಗಿ ಯೋಚಿಸಿದೆವು, ಎಲ್ಲಿ ಎಡವಿದೆವು ಅನ್ನುವುದು ಬೇರೆ ಸೇತುವೆಗಳನ್ನು ನೋಡಿಕೊಳ್ಳುವವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಎರಡು ಕಚೇರಿ, ನಡುವೆ ಒಂದು ಕಂಬ

ಬಂದರಿಗೆ ಹೋಗುವ ಕಾಲುವೆಯ ಮೇಲೆ ನಿಂತಿರುವ ಉಕ್ಕಿನ ಹಳೆಯ ಸೇತುವೆ ಇದು. ನಡುವಿನ ಸ್ಪ್ಯಾನ್, ಅಂದರೆ ಎರಡು ಕಂಬಗಳ ನಡುವಿನ ಭಾಗ, 300 ಮೀಟರ್. ಹಡಗುಗಳು ಹೋಗುವುದು ಅದರ ಕೆಳಗೆ. ಅದರ ಎರಡೂ ಪಕ್ಕ 150 ಮೀಟರಿನ ಒಂದೊಂದು ಸ್ಪ್ಯಾನ್, ಆಮೇಲೆ ದಡದವರೆಗೆ ಸಣ್ಣ ಸಣ್ಣ ಸ್ಪ್ಯಾನ್‌ಗಳು. ನಡುವಿನ ಮೂರು ಸ್ಪ್ಯಾನ್ ಒಂದಕ್ಕೊಂದು ಬೆಸೆದ ಒಂದೇ ಟ್ರಸ್ (ಉಕ್ಕಿನ ತುಂಡುಗಳನ್ನು ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು). ಅಂದರೆ ಒಂದು ಕಂಬ ಹೋದರೆ ಬರೀ ಒಂದು ಸ್ಪ್ಯಾನ್ ಬೀಳುವುದಿಲ್ಲ, ಮೂರೂ ಬೀಳುತ್ತವೆ.

ಕಟ್ಟುವಾಗ ಈ ಕಾಲುವೆಯಲ್ಲಿ ಓಡಾಡುತ್ತಿದ್ದ ದೊಡ್ಡ ಹಡಗು ಅಂದರೆ ಸುಮಾರು 150 ಮೀಟರ್ ಉದ್ದ. ಆಮೇಲೆ ಬಂದರು ಬೆಳೆಯಿತು. ಕಾಲುವೆಯನ್ನು ಆಳ ಮಾಡಿದರು, ಎತ್ತರದ ಕ್ರೇನ್‌ಗಳು ಬಂದವು. ಈಗ 300 ಮೀಟರ್ ಉದ್ದದ ಕಂಟೇನರ್ ಹಡಗುಗಳು ದಿನವೂ ಅದೇ ಸ್ಪ್ಯಾನ್ ಕೆಳಗೆ ಹೋಗುತ್ತವೆ.

ಸೇತುವೆಯನ್ನು ಯಾರೂ ಕಡೆಗಣಿಸಿರಲಿಲ್ಲ. ತುಕ್ಕು, ಬೋಲ್ಟ್, ಬಿರುಕು, ವಾಹನ ಓಡಾಡುವ ಡೆಕ್ ಎಲ್ಲದರ ತಪಾಸಣೆ ಕಾಲಕಾಲಕ್ಕೆ ನಡೆಯುತ್ತಿತ್ತು. ಮುಳುಗುಗಾರರು ಇಳಿದು ಕಂಬದ ಬುಡವನ್ನೂ ನೋಡಿ ಬರುತ್ತಿದ್ದರು. ಪ್ರತಿ ಸಲವೂ ಒಳ್ಳೆಯ ಅಂಕ ಬರುತ್ತಿತ್ತು. ಹಿಂದಿನ ವರದಿಗಳನ್ನೆಲ್ಲ ತರಿಸಿ ಓದಿದೆ. ಅಷ್ಟು ದಪ್ಪ ಕಡತದಲ್ಲಿ ಹಡಗಿನ ಮಾತು ಬಂದದ್ದು ಒಂದೇ ವಿಷಯಕ್ಕೆ. ಸೇತುವೆಯ ತಳಕ್ಕೂ ನೀರಿಗೂ ಎಷ್ಟು ಎತ್ತರ ಇದೆ, ಹಡಗಿನ ತುದಿ ತಾಗುತ್ತದೋ ಇಲ್ಲವೋ ಅಂತ. ಹಡಗು ಪಕ್ಕಕ್ಕೆ ಬಂದು ಕಂಬಕ್ಕೆ ಬಡಿದರೆ ಏನು ಗತಿ ಅಂತ ಎಲ್ಲೂ ಒಂದು ಸಾಲು ಇರಲಿಲ್ಲ.

ಬಂದರಿನ ಕಚೇರಿಗೆ ಹೋದರೆ ಅಲ್ಲಿ ಹಡಗುಗಳ ವಿವರ ಎಲ್ಲ ಇತ್ತು. ಯಾವ ಹಡಗು, ಎಷ್ಟು ಉದ್ದ, ಎಷ್ಟು ಭಾರ, ಎಷ್ಟು ವೇಗ. ಕಂಬದ ಬಲ ಮಾತ್ರ ಅವರ ಹತ್ತಿರ ಇರಲಿಲ್ಲ. ರಸ್ತೆಯವರು ಮೇಲೆ ನೋಡಿದರು, ಬಂದರಿನವರು ಕೆಳಗೆ ನೋಡಿದರು. ಕಂಬ ನೀರಿನಲ್ಲಿ ನಿಂತಿರುವ ಆ ಜಾಗ ಯಾರದ್ದೂ ಆಗಿರಲಿಲ್ಲ. ಇದರಲ್ಲಿ ಯಾರ ಸೋಮಾರಿತನವೂ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ ಕೆಲಸ ಚೆನ್ನಾಗಿಯೇ ಮಾಡುತ್ತಿದ್ದರು. ಅದಕ್ಕೇ ಇದು ಕಣ್ಣಿಗೆ ಬೀಳಲು ಅಷ್ಟು ವರ್ಷ ಹಿಡಿಯಿತು.

ಬಾಲ್ಟಿಮೋರ್ ಕೇಳಿದ ಪ್ರಶ್ನೆ

2024ರ ಮಾರ್ಚ್ 26ರ ರಾತ್ರಿ, ಅಂದರೆ ಬೆಳಗಿನ ಜಾವ 1 ಗಂಟೆ 29 ನಿಮಿಷಕ್ಕೆ, ಅಮೆರಿಕದ ಬಾಲ್ಟಿಮೋರ್‌ನಲ್ಲಿ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಗೆ ಡಾಲಿ ಎಂಬ ಕಂಟೇನರ್ ಹಡಗು ಬಡಿಯಿತು. ವಿದ್ಯುತ್ ಹೋಗಿ ಡಿಕ್ಕಿಯಾಗುವವರೆಗೆ ಸಿಕ್ಕಿದ್ದು ಸುಮಾರು ನಾಲ್ಕು ನಿಮಿಷ. ಬಂದರಿನ ದಾರಿಯಲ್ಲಿ ಹಡಗು ನಡೆಸಲು ಹತ್ತಿದ್ದ ಪೈಲಟ್ ಅಪಾಯದ ಕರೆ ಕೊಟ್ಟರು, ಪೊಲೀಸರು ಎರಡೂ ಕಡೆ ವಾಹನ ತಡೆದರು. ಅದರಿಂದ ಎಷ್ಟೋ ಜೀವ ಉಳಿಯಿತು. ಡೆಕ್ ಮೇಲೆ ಗುಂಡಿ ಮುಚ್ಚುತ್ತಿದ್ದ ಕೆಲಸಗಾರರಿಗೆ ಮಾತ್ರ ಸುದ್ದಿ ಸಮಯಕ್ಕೆ ಮುಟ್ಟಲಿಲ್ಲ. ಆರು ಜನ ಸತ್ತರು.

1977ರಲ್ಲಿ ತೆರೆದ ಆ ಸೇತುವೆಗೆ 1980ರಲ್ಲೇ ಬ್ಲೂ ನಾಗೋಯಾ ಎಂಬ ಹಡಗು ಬಡಿದಿತ್ತು. ಆಗ ಸೇತುವೆ ನಿಂತಿತು. ಡಾಲಿ ಅದಕ್ಕಿಂತ ಸುಮಾರು ಹತ್ತು ಪಟ್ಟು ದೊಡ್ಡದು. 2025ರ ಮಾರ್ಚ್‌ನಲ್ಲಿ ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಒಂದು ಲೆಕ್ಕ ಹೊರಗೆ ಹಾಕಿತು. ಒಪ್ಪಬಹುದಾದ ಮಿತಿಗಿಂತ ಆ ಸೇತುವೆಯ ಅಪಾಯ ಸುಮಾರು 30 ಪಟ್ಟು ಜಾಸ್ತಿ ಇತ್ತು. ಇನ್ನೂ 68 ಸೇತುವೆಗಳ ಅಪಾಯವನ್ನು ಲೆಕ್ಕ ಹಾಕಿ ನೋಡಿ ಅಂತ ಅದು ಹೇಳಿತು.

ನಮ್ಮ ಸೇತುವೆಯ ಮುಖ್ಯ ಇಂಜಿನಿಯರ್ ಈ ಸುದ್ದಿ ಓದಿ ಕರೆ ಮಾಡಿದರು. "ನಮ್ಮದರ ಅಂಕಿ ಎಷ್ಟು?" ಅಂದರು. ನಮ್ಮದರ ಅಂಕಿಯೇ ಇರಲಿಲ್ಲ. ಕೆಲಸ ಶುರುವಾಗಿದ್ದು ಅಲ್ಲಿಂದ.

ಲೆಕ್ಕ

ಆಶ್ಟೋ ಎಂಬ ಅಮೆರಿಕದ ಹೆದ್ದಾರಿ ಸಂಸ್ಥೆ 1991ರಲ್ಲಿ ಇದಕ್ಕೆ ಒಂದು ವಿಧಾನ ಕೊಟ್ಟಿತು. ವರ್ಷಕ್ಕೆ ಎಷ್ಟು ಹಡಗು ಹೋಗುತ್ತವೆ, ಅದರಲ್ಲಿ ದಾರಿ ತಪ್ಪುವುದು ಎಷ್ಟು, ದಾರಿ ತಪ್ಪಿದ್ದು ಕಂಬಕ್ಕೇ ಬಡಿಯುವ ಸಾಧ್ಯತೆ ಎಷ್ಟು, ಬಡಿದರೆ ಕಂಬ ಬೀಳುವ ಸಾಧ್ಯತೆ ಎಷ್ಟು. ಈ ನಾಲ್ಕನ್ನೂ ಗುಣಿಸಬೇಕು. ಮುಖ್ಯವಾದ ಸೇತುವೆಗೆ ಬರುವ ಉತ್ತರ ವರ್ಷಕ್ಕೆ 10,000ದಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು.

ಬಲದ ಲೆಕ್ಕ ನೋಡಿದಾಗ ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದೆವು. ಒಂದು ಲಕ್ಷ ಟನ್ ಹೊರುವ ಹಡಗು 8 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 15 ಕಿಲೋಮೀಟರಿನಲ್ಲಿ, ನೇರ ಬಂದು ಬಡಿದರೆ ಆ ಸೂತ್ರದ ಪ್ರಕಾರ 15,000 ಟನ್ ಭಾರಕ್ಕೂ ಮೀರಿದ ತಳ್ಳು. ನಮ್ಮ ಕಂಬ ತಡೆಯಬಲ್ಲದ್ದು ಅದರ ಹತ್ತನೇ ಒಂದು ಪಾಲು. ಬೇರೆ ಥರ ಹೇಳಬೇಕೆಂದರೆ, 20 ಟನ್ ಲಾರಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬಂದು ಗುದ್ದುತ್ತದೆ ಅಂದುಕೊಳ್ಳಿ. ಅಂಥ 170ಕ್ಕೂ ಹೆಚ್ಚು ಲಾರಿಗಳ ಶಕ್ತಿ ಒಂದೇ ಹಡಗಿನಲ್ಲಿ ಇರುತ್ತದೆ. ಅದೂ ಸೈಕಲ್ ಹೋಗುವಷ್ಟು ನಿಧಾನಕ್ಕೆ ಬರುವಾಗ! ನೋಡುವವರಿಗೆ ಅದು ಜೋರಾಗಿ ಬರುತ್ತಿದೆ ಅಂತ ಅನ್ನಿಸುವುದೇ ಇಲ್ಲ.

ಮೊದಲ ಸುತ್ತಿನಲ್ಲಿ ಕಾಲುವೆಯ ಅಕ್ಕಪಕ್ಕದ ಎರಡು ಮುಖ್ಯ ಕಂಬಗಳನ್ನಷ್ಟೇ ತೆಗೆದುಕೊಂಡೆವು. ಉತ್ತರ ಮಿತಿಯ ಹನ್ನೆರಡು ಪಟ್ಟು ಬಂತು. ಅದನ್ನು ಬರೆದು, ಆ ಎರಡು ಕಂಬಗಳಿಗೆ ರಕ್ಷಣೆ ಕೊಡಿ ಅಂತ ಕರಡು ವರದಿ ತಯಾರು ಮಾಡಿದೆವು. ಅಲ್ಲೇ ನಾವು ಎಡವಿದ್ದು.

ಪಕ್ಕದ ಕಂಬ

ತಂಡದ ಅತಿ ಕಿರಿಯ ಹುಡುಗಿ ಒಂದು ಪ್ರಶ್ನೆ ಕೇಳಿದಳು. "ಆಚೆ ಕಂಬಗಳನ್ನು ಯಾಕೆ ಬಿಟ್ಟಿದ್ದೀರಿ?"

ಅವು ದೂರ ಇವೆ, ಅಲ್ಲಿ ನೀರು ಕಡಿಮೆ, ಹಡಗು ಅಲ್ಲಿಗೆ ಮುಟ್ಟುವ ಮೊದಲೇ ನೆಲ ಕಚ್ಚುತ್ತದೆ ಅಂತ ನಾನೇ ಹೇಳಿದೆ. ಹಳೆಯ ನಕ್ಷೆ ತೋರಿಸಿದೆ. ಆ ಕಂಬದ ಹತ್ತಿರ ಆಳ 6 ಮೀಟರ್ ಅಂತ ಅದರಲ್ಲಿ ಇತ್ತು. ತುಂಬಿದ ದೊಡ್ಡ ಹಡಗಿಗೆ ಅದರ ಎರಡರಷ್ಟಾದರೂ ನೀರು ಬೇಕು. ಅವಳು ನಕ್ಷೆಯ ಮೂಲೆಯ ತಾರೀಖು ನೋಡಿದಳು. ಸೇತುವೆ ಕಟ್ಟಿದ ಕಾಲದ್ದು.

ಆಳ ಅಳೆಯುವ ಬೋಟ್ ಕಳಿಸಿದೆವು. ಎರಡು ದಿನದಲ್ಲಿ ಉತ್ತರ ಬಂತು. 14 ಮೀಟರ್. ಹಡಗು ತಿರುಗಿಸಲು ಜಾಗ ಬೇಕು ಅಂತ ಬಂದರಿನವರು ಆ ಕಡೆ ಹೂಳು ತೆಗೆಸಿದ್ದರು. ಅದು ಅವರ ಕಡತದಲ್ಲಿ ಸರಿಯಾಗಿಯೇ ದಾಖಲಾಗಿತ್ತು. ಸೇತುವೆಯ ಕಡತಕ್ಕೆ ಮಾತ್ರ ಬಂದಿರಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ನಮ್ಮ ಸೇತುವೆಯ ನೈಸರ್ಗಿಕ ತಡೆಗೋಡೆಯನ್ನು ಅಗೆದು ಸಾಗಿಸಿದ್ದರು.

ಹಡಗಿನ ಉದ್ದದ ವಿಷಯವೂ ಇಲ್ಲಿ ಬರುತ್ತದೆ. ದಾರಿ ತಪ್ಪಿದ ಹಡಗು ಎಷ್ಟು ಪಕ್ಕಕ್ಕೆ ಹೋಗಬಹುದು ಅನ್ನುವುದಕ್ಕೆ ಆಶ್ಟೋ ವಿಧಾನದಲ್ಲಿ ಹಡಗಿನ ಉದ್ದವೇ ಅಳತೆಗೋಲು. ಉದ್ದ ಜಾಸ್ತಿಯಾದಷ್ಟೂ ಅದು ಅಡ್ಡಾಡುವ ಹರವು ಜಾಸ್ತಿ. ಕಾಲುವೆಯ ನಡುಗೆರೆಯಿಂದ 150 ಮೀಟರ್ ದೂರದ ಮುಖ್ಯ ಕಂಬಕ್ಕೆ ಹಳೆಯ ಕಾಲದ 150 ಮೀಟರ್ ಹಡಗು ಬಡಿಯುವ ಸಾಧ್ಯತೆ ದಾರಿ ತಪ್ಪಿದ ನೂರರಲ್ಲಿ ಸುಮಾರು 7. ಈಗಿನ 300 ಮೀಟರ್ ಹಡಗಿಗೆ 8. ಅಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆದರೆ 300 ಮೀಟರ್ ದೂರದ ಪಕ್ಕದ ಕಂಬಕ್ಕೆ ಹಳೆಯ ಹಡಗಿನದು ನೂರರಲ್ಲಿ ಒಂದೂವರೆ, ಹೊಸದರದು ಐದೂವರೆ. ಅಂದರೆ ಮೂರೂವರೆ ಪಟ್ಟು ಏರಿದೆ. ಸುರಕ್ಷಿತ ಅಂತ ಬದಿಗಿಟ್ಟ ಕಂಬದಲ್ಲೇ ಅಪಾಯ ಹೆಚ್ಚು ಬೆಳೆದಿತ್ತು. ಆ ಕಂಬ ತೆಳ್ಳಗೂ ಇತ್ತು.

ಹಳೆಯ ದುರಂತಗಳನ್ನು ಮತ್ತೆ ತೆಗೆದು ಓದಿದೆವು. 1980ರ ಮೇ 9ರಂದು ಫ್ಲಾರಿಡಾದ ಸನ್‌ಶೈನ್ ಸ್ಕೈವೇ ಸೇತುವೆಯಲ್ಲಿ 35 ಜನ ಸತ್ತರು. ಅಲ್ಲಿ ಹಡಗು ಬಡಿದದ್ದು ಕಾಲುವೆಯ ಪಕ್ಕದ ಮುಖ್ಯ ಕಂಬಕ್ಕಲ್ಲ, ಅದರಾಚೆಯ ಕಂಬಕ್ಕೆ. 1975ರಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನ ಟಾಸ್ಮನ್ ಸೇತುವೆಯಲ್ಲೂ ಹಡಗು ಮುಖ್ಯ ಸ್ಪ್ಯಾನ್ ತಪ್ಪಿ ಬೇರೆ ಕಂಬಗಳಿಗೆ ಬಡಿಯಿತು, 12 ಜನ ಸತ್ತರು. 2005ರಲ್ಲಿ ಡೆನ್ಮಾರ್ಕ್‌ನ ಗ್ರೇಟ್ ಬೆಲ್ಟ್‌ನಲ್ಲಿ ಒಂದು ಹಡಗು ಎತ್ತರದ ಸೇತುವೆಯ ಕಡೆ ಹೋಗದೆ ತಗ್ಗಿನ ಪಶ್ಚಿಮ ಸೇತುವೆಗೆ ಬಡಿದು ಹಡಗಿನ ಒಬ್ಬರು ಸತ್ತರು. ಇದನ್ನೆಲ್ಲ ನಾನು ಮುಂಚೆಯೇ ಓದಿದ್ದೆ. ಓದಿಯೂ ಪಕ್ಕದ ಕಂಬ ಬಿಟ್ಟಿದ್ದೆ. ಆ ಹುಡುಗಿ ಕೇಳದಿದ್ದರೆ ಕರಡು ಹಾಗೇ ಹೋಗುತ್ತಿತ್ತು.

ಹೊಸ ಲೆಕ್ಕ ಮಿತಿಯ ಇಪ್ಪತ್ತು ಪಟ್ಟು ದಾಟಿತು. ಸೇತುವೆ ಇನ್ನೂ 50 ವರ್ಷ ನಿಲ್ಲಬೇಕು ಅಂದರೆ ಆ ಅವಧಿಯಲ್ಲಿ ಹಡಗು ಬಡಿದು ಬೀಳುವ ಸಾಧ್ಯತೆ ಹತ್ತರಲ್ಲಿ ಒಂದು. ಸಭೆಯಲ್ಲಿ "ವರ್ಷಕ್ಕೆ ಸಾವಿರದಲ್ಲಿ ಎರಡು" ಅಂದಾಗ ಯಾರೂ ತಲೆ ಎತ್ತಲಿಲ್ಲ. "50 ವರ್ಷಕ್ಕೆ ಹತ್ತರಲ್ಲಿ ಒಂದು" ಅಂದಾಗ ಹಣಕಾಸಿನವರು ಪೆನ್ ಕೆಳಗಿಟ್ಟರು. ಅಂಕಿ ಎರಡೂ ಒಂದೇ.

ಫೆಂಡರ್ ಹತ್ತಿರ ನಿಂತಾಗ

ಕಂಬಗಳ ಸುತ್ತ ಮರದ ಹಳೆಯ ಫೆಂಡರ್, ಅಂದರೆ ಬಡಿತ ತಡೆಯುವ ಬೇಲಿ, ಇತ್ತು. ಅದನ್ನೇ ಬಲಪಡಿಸಿದರೆ ಸಾಲದೇ ಅಂತ ಒಂದು ವಾದ ಬಂತು. ಖರ್ಚು ಕಡಿಮೆ, ಬೇಗ ಮುಗಿಯುತ್ತದೆ. ಹೋಗಿ ನೋಡೋಣ ಅಂತ ಒಂದು ರಾತ್ರಿ ಬೋಟ್‌ನಲ್ಲಿ ಆ ಕಂಬದ ಬುಡಕ್ಕೆ ಹೋದೆವು.

ಫೆಂಡರ್ ಮರ ಮುಟ್ಟಿ ನೋಡಿದೆ. ನೀರಿನ ಮಟ್ಟದಲ್ಲಿ ಚಿಪ್ಪು ಮೆತ್ತಿಕೊಂಡು ಒರಟಾಗಿತ್ತು, ಒಳಗೆ ಮೆತ್ತಗಿತ್ತು. ಅದು ಕಂಬದಿಂದ ಮುಂದಕ್ಕೆ ಚಾಚಿದ್ದು ಎರಡು ಮಾರು ಅಷ್ಟೇ. ಆಗ ಒಂದು ಕಂಟೇನರ್ ಹಡಗು ಬಂತು. ಮೊದಲು ಸದ್ದೇ ಇಲ್ಲ. ಆಮೇಲೆ ಬೋಟಿನ ಹಲಗೆಯೇ ನಡುಗಿದ ಹಾಗೆ ಒಂದು ಗುಂಯ್ ಅನ್ನುವ ದನಿ. ತಲೆ ಎತ್ತಿ ನೋಡಿದರೆ ಹಡಗಿನ ಮೂತಿ ನೀರಿನ ಹತ್ತಿರ ಸಪೂರ, ಮೇಲೆ ಹೋಗುತ್ತಾ ಅಗಲ. ಮೂತಿಯ ಮೇಲ್ತುದಿ ಬುಡಕ್ಕಿಂತ ಎಷ್ಟೋ ಮೀಟರ್ ಮುಂದಕ್ಕೆ ಬಾಗಿತ್ತು. ಅಂದರೆ ಹಡಗಿನ ಬುಡ ಫೆಂಡರ್ ಮುಟ್ಟುವ ಮೊದಲೇ ಅದರ ಮೇಲ್ತುದಿ ಕಂಬದ ನಡುವಿಗೆ, ಕಾಂಕ್ರೀಟ್ ಸಪೂರ ಇರುವ ಕಡೆಗೇ, ಬಡಿಯುತ್ತದೆ. ಫೆಂಡರ್ ಎಷ್ಟೇ ಗಟ್ಟಿಯಾಗಿದ್ದರೂ ಆ ಬಡಿತ ಅದಕ್ಕೆ ಸಿಗುವುದೇ ಇಲ್ಲ.

ಮಾರನೇ ದಿನದಿಂದ ಫೆಂಡರ್ ಮಾತು ಯಾರೂ ಎತ್ತಲಿಲ್ಲ. ಕಂಬದಿಂದ ದೂರದಲ್ಲೇ ಹಡಗನ್ನು ನಿಲ್ಲಿಸುವ ಏನಾದರೂ ಬೇಕು ಅಂತ ಒಪ್ಪಿಗೆಯಾಯಿತು. ಅದಕ್ಕೆ ದಾರಿ ಎರಡು. ಒಂದು, ಕಂಬದ ಸುತ್ತ ಕಲ್ಲು ಸುರಿದು ದ್ವೀಪ ಮಾಡುವುದು. ಹಡಗು ಅದರ ಮೇಲೆ ಹತ್ತಿ ನಿಲ್ಲುತ್ತದೆ. ಇನ್ನೊಂದು ಡಾಲ್ಫಿನ್, ಅಂದರೆ ಉಕ್ಕಿನ ಹಾಳೆಗಳನ್ನು ದುಂಡಗೆ ನೆಲಕ್ಕೆ ಇಳಿಸಿ ಒಳಗೆ ಮರಳು, ಕಾಂಕ್ರೀಟ್ ತುಂಬಿದ ದೊಡ್ಡ ಗೂಟ. 1987ರಲ್ಲಿ ತೆರೆದ ಹೊಸ ಸನ್‌ಶೈನ್ ಸ್ಕೈವೇಗೆ ಅಂಥ 36 ಡಾಲ್ಫಿನ್ ಇವೆ, ಜೊತೆಗೆ ದ್ವೀಪಗಳೂ ಇವೆ. ನನಗೆ ದ್ವೀಪವೇ ಇಷ್ಟ. ಅದು ಕೆಡುವುದಿಲ್ಲ, ಎರಡನೇ ಡಿಕ್ಕಿಗೂ ಇರುತ್ತದೆ. ಆದರೆ 14 ಮೀಟರ್ ಆಳದಲ್ಲಿ ಕಲ್ಲಿನ ಇಳಿಜಾರು ಎರಡೂ ಕಡೆ ಹರಡಿ ಕಾಲುವೆಯನ್ನೇ ಕಿರಿದು ಮಾಡುತ್ತದೆ, ನೀರಿನ ಹರಿವನ್ನೂ ತಿರುಗಿಸುತ್ತದೆ. ಕೊನೆಗೆ ಡಾಲ್ಫಿನ್ ಅಂತ ತೀರ್ಮಾನವಾಯಿತು. ಅದಕ್ಕೆ ವರ್ಷಗಳೇ ಬೇಕು. ಅಲ್ಲಿಯವರೆಗೆ?

ಪೈಲಟ್ ಹೇಳಿದ್ದು

ನಮ್ಮ ಮೊದಲ ಸಲಹೆ ಸುಲಭದ್ದು. ವೇಗ ಇಳಿಸಿ. 8 ನಾಟ್‌ನಿಂದ 6ಕ್ಕೆ ಬಂದರೆ ಡಿಕ್ಕಿಯ ಶಕ್ತಿ ಹೆಚ್ಚು ಕಡಿಮೆ ಅರ್ಧವಾಗುತ್ತದೆ. ಇನ್ನೂ ಇಳಿಸಿ 5 ಮಾಡೋಣ ಅಂತ ನಾನು ಹೇಳಿದೆ.

ಬಂದರಿನ ಹಿರಿಯ ಪೈಲಟ್ ಒಬ್ಬರು ತಾಳ್ಮೆಯಿಂದ ಕೇಳಿದರು. ಆಮೇಲೆ "ಬನ್ನಿ, ನೀವೇ ನಡೆಸಿ ನೋಡಿ" ಅಂತ ಸಿಮ್ಯುಲೇಟರ್ ಕೋಣೆಗೆ ಕರೆದುಕೊಂಡು ಹೋದರು. 5 ನಾಟ್, ಅಡ್ಡಗಾಳಿ. ಚುಕ್ಕಾಣಿ ತಿರುಗಿಸಿದರೆ ಹಡಗು ಕೇಳುವುದೇ ಇಲ್ಲ. ಗೋಡೆಯ ಹಾಗೆ ಪೇರಿಸಿದ ಕಂಟೇನರ್‌ಗಳನ್ನು ಗಾಳಿ ತಳ್ಳುತ್ತದೆ, ಹಡಗು ಏಡಿಯ ಹಾಗೆ ಅಡ್ಡಡ್ಡ ಹೋಗುತ್ತದೆ. ವಿದ್ಯುತ್ ಸರಿ ಇದ್ದಾಗಲೇ ನಾನು ಕಂಬದ ಹತ್ತಿರ ಹೋಗಿಬಿಟ್ಟೆ. "ನಿಧಾನ ಅಂದರೆ ಸುರಕ್ಷಿತ ಅಂತ ರಸ್ತೆಯಲ್ಲಿ ಸರಿ. ನೀರಿನಲ್ಲಿ ಚುಕ್ಕಾಣಿಗೆ ಹರಿಯುವ ನೀರು ಬೇಕು" ಅಂದರು.

ಆಮೇಲೆ ಸೇತುವೆಗೆ ಒಂದು ಕಿಲೋಮೀಟರ್ ಇರುವಾಗ ವಿದ್ಯುತ್ ತೆಗೆದರು. 8 ನಾಟ್ ಅಂದರೆ ನಿಮಿಷಕ್ಕೆ 250 ಮೀಟರ್. ಉಳಿದದ್ದು ನಾಲ್ಕು ನಿಮಿಷ. ಅಂತರರಾಷ್ಟ್ರೀಯ ನಿಯಮದಂತೆ ಹಡಗಿನ ತುರ್ತು ಜನರೇಟರ್ 45 ಸೆಕೆಂಡಿನೊಳಗೆ ಶುರುವಾಗಬೇಕು. ಆಗುತ್ತದೆ ಅಂತಲೇ ಇಟ್ಟುಕೊಳ್ಳೋಣ. ಅಷ್ಟರಲ್ಲಿ ಸುಮಾರು 185 ಮೀಟರ್ ಹೋಯಿತು. ಚುಕ್ಕಾಣಿಗೆ ವಿದ್ಯುತ್ ಬಂತು, ಆದರೆ ಎಂಜಿನ್ ನಿಂತಿದೆ, ಪ್ರೊಪೆಲರ್ ನೀರು ನೂಕುತ್ತಿಲ್ಲ. ಚುಕ್ಕಾಣಿ ತಿರುಗಿದರೂ ಹಡಗು ತಿರುಗುವುದು ಅಷ್ಟಕ್ಕಷ್ಟೆ. ನನ್ನ ಕೈ ಬೆವರುತ್ತಿತ್ತು. ಅದು ಬರೀ ಪರದೆ ಅಂತ ಗೊತ್ತಿದ್ದರೂ.

ಅದೇ ಓಟವನ್ನು ಹಿಂಭಾಗಕ್ಕೆ ಹಗ್ಗ ಕಟ್ಟಿದ ಟಗ್ (ಹಡಗು ಎಳೆಯುವ ಸಣ್ಣ, ಬಲವಾದ ದೋಣಿ) ಜೊತೆ ಮಾಡಿದಾಗ ಚಿತ್ರವೇ ಬದಲಾಯಿತು. ಟಗ್ ಸುಮ್ನೆ ಜೊತೆಯಲ್ಲಿ ಬರುತ್ತಿದ್ದರೆ ಹಗ್ಗ ಕೊಡುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಮೊದಲೇ ಕಟ್ಟಿದ್ದರೆ ಮಾತ್ರ ಕೆಲಸ ಆಗುತ್ತಿತ್ತು. ಡಾಲಿಯ ಟಗ್‌ಗಳು ಸೇತುವೆಗೆ ಬರುವ ಮೊದಲೇ ಹಗ್ಗ ಬಿಚ್ಚಿ ಹೋಗಿದ್ದವು, ಅಂದಿನ ರೂಢಿಯಂತೆ. ನಮ್ಮ ಬಂದರಿನ ರೂಢಿಯೂ ಅದೇ ಆಗಿತ್ತು.

ನಾನು 5 ನಾಟ್ ಬಿಟ್ಟುಕೊಟ್ಟೆ. ದೊಡ್ಡ ಹಡಗಿಗೆ 7 ನಾಟ್ ಮಿತಿ, ಹಿಂದೆ ಹಗ್ಗ ಕಟ್ಟಿದ ಟಗ್, ಸೇತುವೆ ಕೆಳಗೆ ಒಂದು ಸಲಕ್ಕೆ ಒಂದೇ ಹಡಗು, ಗಾಳಿ ಜಾಸ್ತಿ ಇದ್ದರೆ ಕಾಯುವುದು. ಟಗ್ ಖರ್ಚು ಯಾರು ಕೊಡಬೇಕು ಅಂತ ಹಡಗು ಕಂಪನಿಗಳು, ಬಂದರು, ಸೇತುವೆ ಕಚೇರಿ ಮೂವರೂ ಎರಡು ತಿಂಗಳು ಎಳೆದಾಡಿದರು. ಕೊನೆಗೆ ಬಂದರು ಮತ್ತು ಸೇತುವೆ ಕಚೇರಿ ಹಂಚಿಕೊಂಡವು.

ಹನ್ನೊಂದು ನಿಮಿಷ

ಡೆಕ್ ಮೇಲೆ ಕೆಲಸ ಮಾಡುವವರ ಬಗ್ಗೆ ನನಗೆ ನಿದ್ದೆ ಬರುತ್ತಿರಲಿಲ್ಲ. ವಾಹನ ತಡೆಯಬಹುದು. ರಾತ್ರಿ ಡ್ರಿಲ್ ಸದ್ದಿನಲ್ಲಿ, ಕಿವಿಗೆ ರಕ್ಷಣೆ ಹಾಕಿಕೊಂಡು ನಿಂತವರಿಗೆ ಯಾರು ಹೇಳುತ್ತಾರೆ?

ಒಂದು ಅಣಕು ಕರೆ ಮಾಡಿ ನೋಡಿದೆವು. ಪೈಲಟ್ ಬಂದರು ನಿಯಂತ್ರಣ ಕೋಣೆಗೆ ಹೇಳಿದರು, ಅಲ್ಲಿಂದ ಪೊಲೀಸರಿಗೆ, ಪೊಲೀಸರಿಂದ ಸೇತುವೆ ಕಚೇರಿಗೆ, ಅಲ್ಲಿಂದ ಗುತ್ತಿಗೆದಾರರಿಗೆ, ಅವರಿಂದ ಮೇಸ್ತ್ರಿಯ ಮೊಬೈಲಿಗೆ. ಮೇಸ್ತ್ರಿ ಮೊಬೈಲ್ ಗಾಡಿಯಲ್ಲಿ ಬಿಟ್ಟಿದ್ದರು. ಕೊನೆಯ ಕೆಲಸಗಾರ ಮುಖ್ಯ ಸ್ಪ್ಯಾನ್‌ನಿಂದ ಆಚೆ ಬರುವಷ್ಟರಲ್ಲಿ ಹನ್ನೊಂದು ನಿಮಿಷ. ನಮಗೆ ಇದ್ದದ್ದು ನಾಲ್ಕು.

ಮಧ್ಯದವರನ್ನೆಲ್ಲ ತೆಗೆದೆವು. ಡೆಕ್ ಮೇಲೆ ಯಾರೇ ಕೆಲಸಕ್ಕೆ ಹೋದರೂ ಮೇಸ್ತ್ರಿಯ ಎದೆಗೆ ಒಂದು ರೇಡಿಯೋ. ಅದರಲ್ಲಿ ಬಂದರು ನಿಯಂತ್ರಣ ಕೋಣೆ ನೇರ ಮಾತಾಡುತ್ತದೆ. ಅವರೇ ಒತ್ತುವ ಒಂದು ಸೈರನ್, ತಿರುಗುವ ದೀಪ. ಗಾಡಿಗಳನ್ನು ದಡದ ಕಡೆ ಮುಖ ಮಾಡಿ ನಿಲ್ಲಿಸಬೇಕು, ಕೀ ಗಾಡಿಯಲ್ಲೇ ಇರಬೇಕು. ದೊಡ್ಡ ಹಡಗು ಬರುವ ಹೊತ್ತಿಗೆ ಸಾಧ್ಯವಾದಷ್ಟು ಮಟ್ಟಿಗೆ ಮುಖ್ಯ ಸ್ಪ್ಯಾನ್ ಖಾಲಿ. ಮೂರನೇ ಅಭ್ಯಾಸದಲ್ಲಿ ಎರಡು ನಿಮಿಷದೊಳಗೆ ಎಲ್ಲರೂ ಆಚೆ ಇದ್ದರು. ಇಡೀ ಯೋಜನೆಯಲ್ಲಿ ಇಷ್ಟು ಕಡಿಮೆ ಖರ್ಚಿನ ಕೆಲಸ ಬೇರೆ ಇರಲಿಲ್ಲ.

ಅದಾಗಿ ಎಂಟು ತಿಂಗಳಿಗೆ ಹೊರಗೆ ಹೋಗುತ್ತಿದ್ದ ಒಂದು ದೊಡ್ಡ ಹಡಗಿನ ವಿದ್ಯುತ್ ಹೋಯಿತು. ಸೇತುವೆಗೆ ಇನ್ನೂ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಇತ್ತು. ಪೈಲಟ್ ಒಂದೇ ಮಾತಿನಲ್ಲಿ ಟಗ್‌ಗೆ ಹೇಳಿದರು, ಇನ್ನೊಂದು ಮಾತಿನಲ್ಲಿ ನಿಯಂತ್ರಣ ಕೋಣೆಗೆ. ಟಗ್ ಹಿಂದಕ್ಕೂ ಪಕ್ಕಕ್ಕೂ ಎಳೆದು ಹಡಗನ್ನು ಕಾಲುವೆಯಾಚೆ ಕೆಸರು ದಿಬ್ಬಕ್ಕೆ ಹತ್ತಿಸಿತು. ಮೇಲೆ ದೀಪ ಬದಲಿಸುತ್ತಿದ್ದ ಐದು ಜನ ಅಷ್ಟರಲ್ಲಿ ಗಾಡಿ ಹತ್ತಿ ದಡ ಸೇರಿದ್ದರು. ಯಾರಿಗೂ ಏನೂ ಆಗಲಿಲ್ಲ. ಹಾಗಾಗಿ ಪತ್ರಿಕೆಯಲ್ಲಿ ಎರಡು ಸಾಲು ಬಂತು, ಹಡಗು ಕೆಸರಿನಲ್ಲಿ ಸಿಕ್ಕಿದ್ದರಿಂದ ಸಂಚಾರಕ್ಕೆ ಅಡಚಣೆ ಅಂತ.

ಹಡಗು ಸಾಗಿದ ದಾರಿಯ ದಾಖಲೆ ತರಿಸಿ ನಕ್ಷೆಯ ಮೇಲೆ ಎಳೆದೆವು. ಟಗ್ ಎಳೆಯುವ ಮೊದಲು ಅದು ಯಾವ ಕಡೆ ವಾಲುತ್ತಿತ್ತೋ ಆ ಗೆರೆಯನ್ನು ಹಾಗೇ ಮುಂದುವರಿಸಿದರೆ ಮುಖ್ಯ ಕಂಬಕ್ಕೆ ಹೋಗುವುದಿಲ್ಲ. ಪಕ್ಕದ ಕಂಬಕ್ಕೆ ಹೋಗುತ್ತದೆ. ಆ ಕಿರಿಯ ಇಂಜಿನಿಯರ್ ಸ್ಕೇಲ್ ಇಟ್ಟು ಪೆನ್ಸಿಲ್ಲಿನಲ್ಲಿ ಆ ಗೆರೆ ಎಳೆದಳು. ಏನೂ ಮಾತಾಡಲಿಲ್ಲ. ನಾನೂ ಆಡಲಿಲ್ಲ.

ಡಾಲ್ಫಿನ್ ಕೆಲಸಕ್ಕೆ ಮೊದಲು ಎರಡು ಕಂಬಕ್ಕಷ್ಟೇ ಹಣ ಮಂಜೂರಾಗಿತ್ತು. ಆ ನಕ್ಷೆ ತೋರಿಸಿದ ಮೇಲೆ ನಾಲ್ಕಕ್ಕೂ ಆಯಿತು. ಸೇತುವೆಯ ತಪಾಸಣೆ ಫಾರಂನಲ್ಲಿ ಈಗ ಹೊಸದಾಗಿ ಎರಡು ಪ್ರಶ್ನೆ ಇವೆ. ಕಳೆದ ತಪಾಸಣೆಯ ನಂತರ ಬಂದ ಅತಿ ದೊಡ್ಡ ಹಡಗು ಯಾವುದು? ಕಂಬದ ಸುತ್ತ ಆಳ ಬದಲಾಗಿದೆಯೇ? ಎರಡಕ್ಕೂ ಉತ್ತರ ಬಂದರಿನವರೇ ಬರೆದು ಸಹಿ ಹಾಕಬೇಕು. ಹೂಳು ತೆಗೆಯುವ ಯಾವ ಆದೇಶವೂ ಸೇತುವೆ ಕಚೇರಿಯ ಒಪ್ಪಿಗೆ ಇಲ್ಲದೆ ಹೊರಡುವುದಿಲ್ಲ.

ಮುಖ್ಯ ಕಂಬಗಳ ಡಾಲ್ಫಿನ್ ಮುಗಿದಿವೆ. ಪಕ್ಕದ ಎರಡು ಕಂಬಗಳ ಕೆಲಸ ಅರ್ಧದಲ್ಲಿದೆ. ಮುಖ್ಯ ಕೆಲಸ ಮುಗಿಯಿತಲ್ಲ, ಟಗ್ ಖರ್ಚು ಇನ್ನು ನಿಲ್ಲಿಸಬಹುದಲ್ವಾ ಅಂತ ಹೋದ ತಿಂಗಳು ಒಂದು ಪತ್ರ ಬಂತು. ಪೆನ್ಸಿಲ್ ಗೆರೆಯ ಆ ನಕ್ಷೆಯ ಪ್ರತಿಯನ್ನೇ ಉತ್ತರದ ಜೊತೆ ಲಗತ್ತಿಸಿ ಕಳಿಸಿದ್ದೇವೆ. ಟಗ್ ಇನ್ನೂ ಹಗ್ಗ ಕಟ್ಟಿಕೊಂಡೇ ಹೋಗುತ್ತಿದೆ.